ಆರು ವರ್ಷ ಸೈಡರ್ ಜೊತೆ: ಈಮ್ಯಾಕ್ಸ್‌ನಲ್ಲಿ ಕ್ಲೋಜರ್ ಬರೆಯುವವನ ಅನುಭವ

ಹಿಂದಿನ ಕೆಲಸದಲ್ಲಿ ಜಾವಾ ಬರೆಯುತ್ತಿದ್ದೆ. ಒಂದು ಸಾಲು ಬದಲಿಸಿ, ಬಿಲ್ಡ್ ಕೊಟ್ಟು, ಸರ್ವರ್ ಮೇಲೇಳುವಷ್ಟರಲ್ಲಿ ಕೆಳಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಸೈಡರ್‌ಗೆ ಬಂದ ಮೇಲೆ ಆ ಟೀ ತಪ್ಪಿಹೋಯಿತು. ಅದೊಂದು ಬೇಜಾರು ಇನ್ನೂ ಇದೆ.

ಗೊತ್ತಿಲ್ಲದವರಿಗೆ: ಸೈಡರ್ ಅಂದರೆ ಈಮ್ಯಾಕ್ಸ್ ಎಡಿಟರ್ ಒಳಗೆ ಕ್ಲೋಜರ್ ಭಾಷೆಯಲ್ಲಿ ಕೆಲಸ ಮಾಡೋಕೆ ಇರುವ ಪ್ಯಾಕೇಜ್. ಪುಕ್ಕಟೆ, ಓಪನ್ ಸೋರ್ಸ್. 2012ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ, ಮಾರನೇ ವರ್ಷ ಈ ಹೆಸರು ಪಡೆಯಿತು. ಬಹುಕಾಲದಿಂದ ಬೊಝಿದರ್ ಬಾತ್ಸೊವ್ ಅನ್ನುವವರು ಇದನ್ನು ನಡೆಸಿಕೊಂಡು ಬರುತ್ತಿದ್ದಾರೆ. ನಾನು ಬೆಂಗಳೂರಿನಲ್ಲಿ ಕೂತು ಬ್ಯಾಕೆಂಡ್ ಕೆಲಸಕ್ಕೆ ಇದನ್ನು ಆರು ವರ್ಷದಿಂದ ದಿನಾ ಬಳಸುತ್ತಿದ್ದೇನೆ.

ಇದರ ಜೀವ ಇರೋದು ಒಂದೇ ಜಾಗದಲ್ಲಿ. ಬೆಳಿಗ್ಗೆ ಒಮ್ಮೆ ಜ್ಯಾಕ್-ಇನ್ ಕಮ್ಯಾಂಡ್ ಕೊಟ್ಟರೆ ಪ್ರೋಗ್ರಾಂ ಮೇಲೇಳುತ್ತದೆ, ಎಡಿಟರ್ ಅದಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಇದಕ್ಕೆ ಅರ್ಧ ನಿಮಿಷ ಬೇಕು, ಕ್ಲೋಜರ್ ಓಡೋದು ಜಾವಾ ವರ್ಚುವಲ್ ಮಷೀನ್ ಮೇಲೆ ಅಲ್ವಾ. ಆಮೇಲೆ ಸಂಜೆವರೆಗೂ ಅದನ್ನು ನಿಲ್ಲಿಸಬೇಕಾಗಿಲ್ಲ. ಕ್ಲೋಜರ್ ಕೋಡ್‌ನ ಒಂದೊಂದು ತುಂಡೂ ಬ್ರಾಕೆಟ್ ಒಳಗೇ ಇರುತ್ತದೆ. ಯಾವುದೇ ಬ್ರಾಕೆಟ್‌ನ ಕೊನೆಗೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿದರೆ ಸಾಕು. ಅಷ್ಟೇ ತುಂಡು ಓಡಿ, ಉತ್ತರ ಅದೇ ಸಾಲಿನ ಪಕ್ಕದಲ್ಲಿ ಬಂದು ಕೂರುತ್ತದೆ. ಓಡುತ್ತಿರುವ ಸರ್ವರ್‌ನ ಒಂದು ಫಂಕ್ಷನ್ ತಿದ್ದಿ ಮತ್ತೆ ಕಳಿಸಿದರೆ, ಮುಂದಿನ ರಿಕ್ವೆಸ್ಟ್ ಹೊಸ ಫಂಕ್ಷನ್‌ಗೇ ಹೋಗುತ್ತದೆ. ಡೇಟಾಬೇಸ್ ಕನೆಕ್ಷನ್, ಲಾಗಿನ್ ಆದ ಸೆಷನ್ ಎಲ್ಲ ಇದ್ದಲ್ಲೇ ಇರುತ್ತವೆ.

ಸೈಡರ್‌ನಲ್ಲಿ ತಪ್ಪು ಹುಡುಕೋಕೆ ಇರುವ ಡೀಬಗ್ಗರ್ ಬಗ್ಗೆ ಜನ ಜಾಸ್ತಿ ಮಾತಾಡಲ್ಲ. ನಾನೂ ಎರಡು ವರ್ಷ ಪ್ರಿಂಟ್ ಹಾಕಿಕೊಂಡೇ ಕಾಲ ತಳ್ಳಿದವನು. ಕಂಟ್ರೋಲ್-ಯು ಒತ್ತಿ, ಆಮೇಲೆ ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿದರೆ ಆ ಫಂಕ್ಷನ್‌ಗೆ ಗುರುತು ಬೀಳುತ್ತದೆ. ಮುಂದೆ ಯಾರು ಅದನ್ನು ಕರೆದರೂ ಪ್ರೋಗ್ರಾಂ ಅಲ್ಲಿ ನಿಂತು, ಒಳಗಿನ ಒಂದೊಂದು ಬ್ರಾಕೆಟ್‌ಗೂ ಎಷ್ಟು ಬಂತು ಅಂತ ತೋರಿಸುತ್ತಾ ಹೋಗುತ್ತದೆ. ಸಾಲು ಸಾಲಾಗಿ ಅಲ್ಲ, ಬ್ರಾಕೆಟ್ ಬ್ರಾಕೆಟ್ ಆಗಿ. ಎನ್ ಒತ್ತಿದರೆ ಮುಂದಕ್ಕೆ, ಎಲ್ ಒತ್ತಿದರೆ ಆ ಹೊತ್ತಿನ ಎಲ್ಲ ಲೋಕಲ್‌ಗಳು, ಅಂದರೆ ಫಂಕ್ಷನ್ ಒಳಗಿನ ಹೆಸರುಗಳು ಮತ್ತು ಅವುಗಳ ಬೆಲೆ, ಕಣ್ಣ ಮುಂದೆ. ಜಿಎಸ್‌ಟಿ ಲೆಕ್ಕದಲ್ಲಿ ಒಂದು ಪೈಸೆ ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕಿದ್ದು ಹೀಗೇ.

ಈಗ ನನ್ನನ್ನು ಸುಟ್ಟ ಸಂಗತಿ. ಒಂದು ಶುಕ್ರವಾರ ಸಂಜೆ ಒಂದು ಫಂಕ್ಷನ್‌ನ ಹೆಸರು ಬದಲಿಸಿದೆ. ಅದನ್ನು ಕರೆಯುವ ಜಾಗ ನಾಲ್ಕು. ಮೂರನ್ನು ಸರಿ ಮಾಡಿದೆ, ಒಂದು ಕಣ್ಣಿಗೆ ಬೀಳಲಿಲ್ಲ. ನನ್ನ ಮಷೀನ್‌ನಲ್ಲಿ ಟೆಸ್ಟ್ ಎಲ್ಲ ಪಾಸ್! ಯಾಕೆಂದರೆ ಫೈಲ್‌ನಿಂದ ಹಳೇ ಹೆಸರು ಹೋಗಿದ್ದರೂ, ಬೆಳಿಗ್ಗೆಯಿಂದ ಓಡುತ್ತಿದ್ದ ಪ್ರೋಗ್ರಾಂನ ಹೊಟ್ಟೆಯಲ್ಲಿ ಅದು ಹಾಗೇ ಇತ್ತು. ಕೋಡ್ ಪುಷ್ ಮಾಡಿ ಬಸ್ ಹತ್ತಿದೆ. ಸಿಲ್ಕ್ ಬೋರ್ಡ್ ದಾಟುವ ಮೊದಲೇ ಬಿಲ್ಡ್ ಮುರಿದಿದೆ ಅಂತ ಮೆಸೇಜ್ ಬಂತು. ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡು ಒಂದೇ ಕೈಯಲ್ಲಿ ಈಮ್ಯಾಕ್ಸ್ ನಡೆಸಿದ್ದೀರಾ? ಬೇಡ.

ಸೈಡರ್ ಹೇಳಿದ್ದನ್ನು ಮಾಡಿತ್ತು ಅಷ್ಟೇ. ಆದರೆ ಕಣ್ಣಿಗೆ ಕಾಣುವ ಫೈಲ್ ಒಂದು, ಒಳಗೆ ಓಡುತ್ತಿರುವುದು ಇನ್ನೊಂದು ಆಗಬಹುದು ಅಂತ ಮೊದಲ ದಿನವೇ ಯಾರೂ ಹೇಳಿಕೊಡಲ್ಲ. ಅದಾದ ಮೇಲೆ ಪುಷ್ ಮಾಡುವ ಮೊದಲು ಸೈಡರ್‌ನ ಎನ್‌ಎಸ್-ರಿಫ್ರೆಶ್ ಕಮ್ಯಾಂಡ್ ಓಡಿಸುತ್ತೇನೆ. ಅದು ಹಳೇ ನೇಮ್‌ಸ್ಪೇಸ್ (ಒಂದು ಫೈಲ್‌ನ ಹೆಸರುಗಳೆಲ್ಲ ಸೇರಿದ ಗುಂಪು) ಕಿತ್ತುಹಾಕಿ ಹೊಸದಾಗಿ ಲೋಡ್ ಮಾಡುತ್ತದೆ. ಆಗ ಕನೆಕ್ಷನ್‌ಗಳೂ ಹೋಗಿಬಿಡುತ್ತವೆ, ಹಾಗಾಗಿ ನಿಲ್ಲಿಸೋಕೆ ಮತ್ತು ಶುರು ಮಾಡೋಕೆ ಎರಡು ಫಂಕ್ಷನ್ ಬರೆದಿಟ್ಟುಕೊಳ್ಳಬೇಕು. ಜೊತೆಗೆ ಸಿಎಲ್‌ಜೆ-ಕಾಂಡೋ (clj-kondo) ಹಾಕಿಕೊಳ್ಳಿ. ಅದು ಕೋಡ್ ಓಡಿಸದೆ, ಬರೀ ಓದಿಯೇ ತಪ್ಪು ತೋರಿಸುತ್ತದೆ. ಆ ನಾಲ್ಕನೇ ಜಾಗವನ್ನು ಅದು ಅವತ್ತೇ ತೋರಿಸುತ್ತಿತ್ತು.

ಉಳಿದ ತಕರಾರುಗಳು ಸಣ್ಣವು. ಬೇರೆಯವರು ಶುರು ಮಾಡಿದ ಸರ್ವರ್‌ಗೆ ಕನೆಕ್ಟ್ ಆದರೆ ಆ ಕಡೆ ಇರುವ ಸೈಡರ್-ಎನ್‌ರೆಪಲ್‌ನ (ಪ್ರೋಗ್ರಾಂ ಒಳಗೆ ಕೂತು ಎಡಿಟರ್‌ಗೆ ಉತ್ತರ ಕೊಡುವ ಭಾಗ) ವರ್ಷನ್ ಹೊಂದಲ್ಲ ಅಂತ ಗೊಣಗುತ್ತದೆ. ಜಾವಾ 21ಕ್ಕೆ ಹೋದಾಗ, ಸುತ್ತುತ್ತಲೇ ಇದ್ದ ಲೂಪ್ ಅನ್ನು ಮಧ್ಯದಲ್ಲಿ ನಿಲ್ಲಿಸುವ ಕಮ್ಯಾಂಡ್ ಕೈಕೊಟ್ಟಿತು. ಥ್ರೆಡ್ ಅನ್ನು ಬಲವಂತವಾಗಿ ನಿಲ್ಲಿಸುವ ದಾರಿಯನ್ನು ಜಾವಾದವರೇ 20ನೇ ಆವೃತ್ತಿಯಲ್ಲಿ ಮುಚ್ಚಿದ್ದರು. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಎಸ್‌ಎಂಎಸ್ ಟೆಂಪ್ಲೇಟ್‌ಗಾಗಿ ಕೋಡ್ ಒಳಗೆ ಕನ್ನಡ ಸಾಲು ಹಾಕಿದರೆ, ಚೆಂದವಾಗಿ ಒಂದರ ಕೆಳಗೊಂದು ಜೋಡಿಸಿದ್ದ ಕಾಲಂಗಳು ವಕ್ರ ಆಗುತ್ತವೆ. ನಮ್ಮ ಒತ್ತಕ್ಷರಗಳು ಒಂದೇ ಅಗಲದ ಮನೆಯಲ್ಲಿ ಕೂರುವ ಪೈಕಿ ಅಲ್ಲ, ಸೈಡರ್ ಅದಕ್ಕೇನು ಮಾಡೀತು. ಇನ್ನು ಕಂಟ್ರೋಲ್ ಒತ್ತಿ ಒತ್ತಿ ಕಿರುಬೆರಳು ನೋಯುತ್ತದೆ. ಕ್ಯಾಪ್ಸ್ ಲಾಕ್ ಕೀಯನ್ನೇ ಕಂಟ್ರೋಲ್ ಕೀ ಆಗಿ ಬದಲಿಸಿಕೊಳ್ಳಿ. ಇದು ಸಲಹೆ ಅಲ್ಲ, ಬೇಡಿಕೊಳ್ಳುತ್ತಿದ್ದೇನೆ.

ಈಮ್ಯಾಕ್ಸ್ ಮೊದಲೇ ಗೊತ್ತಿದ್ದರೆ ಕಣ್ಣು ಮುಚ್ಚಿಕೊಂಡು ಹಾಕಿ. ಗೊತ್ತಿಲ್ಲದಿದ್ದರೆ ಈಮ್ಯಾಕ್ಸ್, ಕ್ಲೋಜರ್ ಎರಡನ್ನೂ ಒಟ್ಟಿಗೆ ಕಲಿಯೋಕೆ ಹೋಗಬೇಡಿ. ನಮ್ಮ ಟೀಮಿನಲ್ಲಿ ಹಾಗೆ ಹೊರಟ ಇಬ್ಬರು ತಿಂಗಳೊಳಗೆ ಎರಡನ್ನೂ ಬಿಟ್ಟರು. ವಿಎಸ್ ಕೋಡ್‌ಗೆ ಕಾಲ್ವಾ ಅಂತ ಎಕ್ಸ್‌ಟೆನ್ಷನ್ ಇದೆ. ಒಳಗೆ ಅದೂ ಸೈಡರ್-ಎನ್‌ರೆಪಲ್ ಅನ್ನೇ ಬಳಸುತ್ತದೆ. ಈ ವರ್ಷ ಸೇರಿದ ಹುಡುಗಿ ಅದರಲ್ಲೇ ಇದ್ದಾಳೆ. ಮೊನ್ನೆ ಇಬ್ಬರೂ ಒಂದೇ ಸರ್ವರ್‌ಗೆ ಕನೆಕ್ಟ್ ಆಗಿ, ಅವಳು ಅಲ್ಲಿಂದ ಬರೆದ ಫಂಕ್ಷನ್ ಅನ್ನು ನಾನು ಇಲ್ಲಿಂದ ಕರೆದೆ. ಉತ್ತರ ಬಂತು. ಆಮೇಲೆ ಇಬ್ಬರೂ ಕೆಳಗೆ ಹೋಗಿ ಟೀ ಕುಡಿದೆವು.