ಫೋನಿಗೆ ವೈರಸ್ ಬಂದಿದೆ ಅಂತ ತೋರಿಸಿದರೆ ನಂಬಬೇಡಿ, ನನ್ನ 76,500 ರೂಪಾಯಿ ಹೋಯಿತು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮೂರು ವಾರದಿಂದ ಹೊರಗಿನವರಿಗೆ ಯಾರಿಗೂ ಹೇಳಿರಲಿಲ್ಲ. ಆದರೆ ಮೊನ್ನೆ ಪಕ್ಕದ ತೋಟದ ಅಕ್ಕ ಫೋನ್ ಹಿಡಿದುಕೊಂಡು ಓಡಿ ಬಂದರು. "ಇದರಲ್ಲಿ ಏನೋ ಕೆಂಪಗೆ ಬರ್ತಾ ಇದೆ, ವೈರಸ್ ಅಂತೆ, ಏನು ಮಾಡಲಿ?" ಅಂದರು. ಅದೇ ಪರದೆ. ಅದೇ ಕೆಂಪು. ನೋಡಿದ ಕೂಡಲೇ ನನ್ನ ಕೈ ನಡುಗಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಜನವರಿ ಅಂದರೆ ಗೊತ್ತಲ್ವಾ, ರೊಬಸ್ಟಾ ಕೊಯ್ಲು ಜೋರು. ಕಣದ ತುಂಬ ಕಾಫಿ, ಶನಿವಾರ ಬಟವಾಡೆ. ಖಾತೆಯಲ್ಲಿ ಇದ್ದದ್ದು ಸುಮಾರು 80 ಸಾವಿರ. ಕೆಲಸದವರ ಕೂಲಿ, ಆಮೇಲೆ ಹೂವಿಗೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಡೀಸೆಲ್ ಖರ್ಚು, ಎಲ್ಲ ಅದರಲ್ಲೇ.

ಶುಕ್ರವಾರ ಬೆಳಗ್ಗೆ ಕಾಫಿ ರೇಟ್ ನೋಡೋಣ ಅಂತ ಯಾವುದೋ ಒಂದು ಪೇಜ್ ತೆರೆದೆ. ಫೋನ್ ಗುಂಯ್ ಅಂತ ಅದುರಿತು. ಪರದೆ ಪೂರ್ತಿ ಕೆಂಪು. "ನಿಮ್ಮ ಫೋನಿನಲ್ಲಿ 13 ವೈರಸ್ ಇವೆ. ಬ್ಯಾಂಕ್ ಮಾಹಿತಿ ಸೋರುತ್ತಿದೆ." ಕೆಳಗೆ ಎರಡು ನಿಮಿಷದ ಗಡಿಯಾರ ಓಡುತ್ತಿತ್ತು. ನನ್ನ ಫೋನಿನ ಕಂಪನಿ, ಮಾಡೆಲ್ ಎರಡೂ ಸರಿಯಾಗಿ ಬರೆದಿತ್ತು. ನಾನು ನಂಬಿದ್ದು ಅದರಿಂದಲೇ. ನನ್ನ ಫೋನ್ ಯಾವುದು ಅಂತ ಇವರಿಗೆ ಗೊತ್ತಿದೆ ಅಂದರೆ ಒಳಗೆ ನೋಡಿಯೇ ಹೇಳುತ್ತಿದ್ದಾರೆ ಅಂದುಕೊಂಡೆ. ಹಾಗೇನಿಲ್ಲ. ಫೋನಿನ ಮಾಡೆಲ್ ಯಾವುದು ಅನ್ನೋದನ್ನು ಬ್ರೌಸರೇ ಪೇಜಿಗೆ ಹೇಳಿಬಿಡುತ್ತದೆ. ಅದುರುವ ಹಾಗೆ ಮಾಡೋದೂ ಪೇಜಿಗೆ ಸಾಧ್ಯ. ಆದರೆ ಒಳಗೆ ವೈರಸ್ ಇದೆಯೋ ಇಲ್ಲವೋ ಅಂತ ಯಾವ ಪೇಜಿಗೂ ಕಾಣಿಸೋದಿಲ್ಲ. ಕಾಣಿಸೋದೇ ಇಲ್ಲ. ಇದೊಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ಸಾಕಿತ್ತು.

ಫೋನ್ ಬೇರೆ ಒಂದು ತಿಂಗಳಿಂದ ನಿಧಾನ ಆಗಿತ್ತು. ಅದೂ ವೈರಸ್ಸೇ ಇರಬೇಕು ಅನ್ನಿಸಿತು. ನಿಜವಾದ ಕಾರಣ ಜಾಗ ತುಂಬಿದ್ದು. ವಾಟ್ಸಾಪ್ ಗುಂಪುಗಳ ವಿಡಿಯೊಗಳೇ ಅರ್ಧ ಫೋನ್ ತುಂಬಿದ್ದವು ಅಂತ ಮಗ ಆಮೇಲೆ ತೋರಿಸಿದ.

"ಈಗಲೇ ತೆಗೆಯಿರಿ" ಅಂತ ಇದ್ದದ್ದನ್ನು ಒತ್ತಿದೆ. ವಾಟ್ಸಾಪ್ ತೆರೆಯಿತು, ಒಬ್ಬ ಕನ್ನಡದಲ್ಲೇ ಮಾತಾಡಿದ. ಒಳ್ಳೆ ಕನ್ನಡ, ಒಳ್ಳೆ ಮರ್ಯಾದೆ. "ಗಾಬರಿ ಆಗಬೇಡಿ ಮೇಡಂ, ಹತ್ತು ನಿಮಿಷದಲ್ಲಿ ಕ್ಲೀನ್ ಮಾಡಿಕೊಡ್ತೀವಿ" ಅಂದ. ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆಪ್ ಹಾಕುವ ಫೈಲ್, ಕಳಿಸಿದ. ಇದು ಆಂಟಿವೈರಸ್, ಹಾಕಿಕೊಳ್ಳಿ ಅಂದ.

ಫೋನ್ ನನಗೆ ಬೇಡ ಅಂದಿತ್ತು. ಒಂದಲ್ಲ, ಮೂರು ಸಲ ಬೇಡ ಅಂದಿತ್ತು. ಮೊದಲು, ಈ ಫೈಲ್ ಅಪಾಯ ಇರಬಹುದು ಅಂತ ತೋರಿಸಿತು. ಅವನು, "ಹೊರಗಿನ ಫೈಲ್ ಅಲ್ವಾ ಮೇಡಂ, ಎಲ್ಲಕ್ಕೂ ಹಾಗೇ ಬರುತ್ತೆ" ಅಂದ. ಆಮೇಲೆ ಪ್ಲೇ ಪ್ರೊಟೆಕ್ಟ್, ಅಂದರೆ ಕೆಟ್ಟ ಆಪ್ ತಡೆಯುವ ಗೂಗಲ್‌ನ ಕಾವಲು, ತಡೆಯಿತು. ಅವನು, "ಒಂದೇ ಫೋನಲ್ಲಿ ಎರಡು ಆಂಟಿವೈರಸ್ ಆಗಲ್ಲ, ಅದನ್ನು ಆಫ್ ಮಾಡಿ" ಅಂದ. ಆಫ್ ಮಾಡಿದೆ. ಕೊನೆಗೆ ಆ ಆಪ್ ಆಕ್ಸೆಸಿಬಿಲಿಟಿ ಅನುಮತಿ ಕೇಳಿತು. ಅದನ್ನು ಕೊಡಲು ಫೋನ್ ಬಿಡಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಮೇಲಿನ ಮೂರು ಚುಕ್ಕಿ ಒತ್ತಿ ಆ ತಡೆಯನ್ನೂ ತೆಗೆಯೋದು ಹೇಗೆ ಅಂತ ಅವನೇ ಹೇಳಿಕೊಟ್ಟ. ಚಿತ್ರ ಸಮೇತ. ಆ ಅನುಮತಿ ಸಿಕ್ಕರೆ ಆಪ್ ನಮ್ಮ ಪರದೆ ಓದಬಹುದು, ನಮ್ಮ ಬದಲು ತಾನೇ ಬಟನ್ ಒತ್ತಬಹುದು. ಎಸ್‌ಎಂಎಸ್ ಓದುವ ಅನುಮತಿಯನ್ನೂ ಕೊಟ್ಟೆ. ಬೀಗ ಒಂದೊಂದಾಗಿ ನಾನೇ ತೆಗೆದುಕೊಟ್ಟೆ.

ಕೊನೆಗೆ 49 ರೂಪಾಯಿ ಫೀಸ್. ಬರೀ 49. ಡೆಬಿಟ್ ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ, ಎಲ್ಲ ಆ ಆಪಿನೊಳಗೆ ತುಂಬಿದೆ. ಪರದೆ ಹಸಿರಾಯಿತು. "ನಿಮ್ಮ ಫೋನ್ ಸುರಕ್ಷಿತ." ನೆಮ್ಮದಿಯಿಂದ ಕಣಕ್ಕೆ ಹೋಗಿ ಕಾಫಿ ಹರವಿದೆ. ಆ ನೆಮ್ಮದಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹನ್ನೆರಡು ಗಂಟೆಗೆ ಬೆಂಗಳೂರಿಂದ ಮಗನ ಫೋನ್. "ಅಮ್ಮ, 40 ಸಾವಿರದ್ದು ಏನು ತಗೊಂಡೆ?"

ನನಗೆ ಮೆಸೇಜೇ ಬಂದಿರಲಿಲ್ಲ. ಖಾತೆಗೆ ಅವನ ಇಮೇಲ್ ಕೊಟ್ಟಿದ್ದೆವು, ಅದಕ್ಕೆ ಅವನಿಗೆ ಗೊತ್ತಾಯಿತು. ಓಟಿಪಿ ಬಂದದ್ದನ್ನೂ ಹಣ ಹೋದದ್ದನ್ನೂ ಆ ಆಪ್ ಮುಚ್ಚಿಟ್ಟಿತ್ತು. ಅವರಿಗೆ ಕಳಿಸಿ, ನನಗೆ ಕಾಣದ ಹಾಗೆ ಮಾಡಿತ್ತು.

ಆಗ ನಾನು ಮಾಡಿದ ತಪ್ಪು ಕೇಳಿ. ಬ್ಯಾಂಕಿಗೆ ಫೋನ್ ಮಾಡಬೇಕಿತ್ತು. ನಾನು ಅವನಿಗೇ ಮೆಸೇಜ್ ಮಾಡಿದೆ! "ಏನಿದು, 40 ಸಾವಿರ ಹೋಗಿದೆಯಲ್ಲ?" ಅಂತ ಕೇಳಿದೆ. ತಕ್ಷಣ ಉತ್ತರ. "ಟೆಸ್ಟಿಂಗ್ ಮೇಡಂ, ಅರ್ಧ ಗಂಟೇಲಿ ವಾಪಸ್ ಬರುತ್ತೆ. ಫೋನ್ ಮಾತ್ರ ಆಫ್ ಮಾಡಬೇಡಿ." ಮತ್ತೆ ಕೇಳಿದೆ. "ಸರ್ವರ್ ಬ್ಯುಸಿ ಮೇಡಂ." ಕೂಲಿ ಕೊಡುವ ದುಡ್ಡು, ದಯವಿಟ್ಟು ಕೊಡಿ ಅಂತ ಬೇಡಿಕೊಂಡೆ. ಒಂದು ಕೈ ಮುಗಿಯುವ ಚಿತ್ರ ಕಳಿಸಿದ. "ನಂಬಿಕೆ ಇಡಿ ಮೇಡಂ." ನಾನು ಹೀಗೆ ಅಂಗಲಾಚುತ್ತಾ ಇದ್ದಾಗಲೇ ಎರಡನೇ ಸಲ 36,500 ಹೋಯಿತು. ಮಗ ಮತ್ತೆ ಫೋನ್ ಮಾಡಿ ಕಿರುಚಿದ, "ಅಮ್ಮ, ನೆಟ್ ಆಫ್ ಮಾಡು, ಕಾರ್ಡ್ ಬ್ಲಾಕ್ ಮಾಡಿಸು!" ಇಪ್ಪತ್ತೈದು ನಿಮಿಷ ನಾನು ಕಳ್ಳನ ಹತ್ತಿರ ನ್ಯಾಯ ಕೇಳುತ್ತಾ ಕೂತಿದ್ದೆ. ಮೊದಲನೆಯದಕ್ಕಿಂತ ಆ ಎರಡನೆಯದು ನನಗೆ ಜಾಸ್ತಿ ಉರಿಯುತ್ತದೆ.

ಕಾರ್ಡ್ ಬ್ಲಾಕ್ ಮಾಡಿಸಿ, ಮನೆಯವರ ಫೋನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮಾಡಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಕಥೆ ಗೊತ್ತೇ ಇದೆ, ಎರಡು ಸಲ ಕಟ್ ಆಯಿತು. ರಸ್ತೆ ತಿರುವಿನವರೆಗೆ ಓಡಿ ಅಲ್ಲಿಂದ ದೂರು ಕೊಟ್ಟೆ. ಮಾರನೇ ದಿನ ಮಡಿಕೇರಿಗೆ ಹೋಗಿ ಪೊಲೀಸರಿಗೂ ಬರೆದುಕೊಟ್ಟೆ. ಒಂದು ಖಾತೆಯಲ್ಲಿ 9,200 ರೂಪಾಯಿ ತಡೆಹಿಡಿದಿದ್ದಾರೆ. ಉಳಿದದ್ದು ಅಷ್ಟರಲ್ಲಿ ಕೈ ದಾಟಿ ಹೋಗಿತ್ತು.

ಬ್ಯಾಂಕಿನ ಉತ್ತರ ಏನು ಗೊತ್ತಾ? "ಕಾರ್ಡ್ ನಂಬರ್ ಕೊಟ್ಟಿದ್ದು ನೀವೇ, ಓಟಿಪಿ ಬಂದಿದ್ದೂ ನಿಮ್ಮ ಫೋನಿಗೇ." ಆ ಓಟಿಪಿಯನ್ನು ನಾನು ಕಣ್ಣಲ್ಲೂ ನೋಡಿಲ್ಲ ಅಂದೆ. ಮತ್ತೆ ಅದನ್ನೇ ಹೇಳಿದರು. 2017ರ ಜುಲೈನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ತೋರಿಸಿದರು. ಅದರ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ಗ್ರಾಹಕರೇ ಗುಟ್ಟಿನ ನಂಬರ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದೆಲ್ಲ ಗ್ರಾಹಕರ ಮೇಲೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಮೇಲೆ. ಅಂದರೆ ಆ ಇಪ್ಪತ್ತೈದು ನಿಮಿಷದ ಬೆಲೆ ನನಗೆ 36,500. ಕೆಲಸದವರಿಗೆ ಕೂಲಿ ಕೊಡಲು ಕಾಫಿ ವ್ಯಾಪಾರಿ ಹತ್ತಿರ ಮುಂಗಡ ತಗೊಂಡೆ. ಮನೆಯವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಪ್ ತೆಗೆಯೋದೂ ಸುಲಭ ಇರಲಿಲ್ಲ. ಅದರ ಚಿತ್ರವೇ ಫೋನಿನಿಂದ ಮಾಯವಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಅನ್‌ಇನ್‌ಸ್ಟಾಲ್ ಬಟನ್ ಒತ್ತಲು ಆಗುತ್ತಿರಲಿಲ್ಲ. ಕೊನೆಗೆ ಮಗ ಬಂದು ಫೋನ್ ಪೂರ್ತಿ ರೀಸೆಟ್ ಮಾಡಿದ. ಎರಡು ವರ್ಷದ ಫೋಟೊಗಳು ಹೋದವು.

ಪಕ್ಕದ ಅಕ್ಕನ ಫೋನಿಗೆ ಏನೂ ಆಗಿರಲಿಲ್ಲ. ಆ ಪೇಜ್ ಮುಚ್ಚಿದೆವು. ಯಾವಾಗಲೋ ಒಂದು ಸೈಟಿಗೆ ನೋಟಿಫಿಕೇಶನ್ ಕಳಿಸಲು "ಅಲೋ" ಒತ್ತಿದ್ದರು, ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆದೆವು. ಅಷ್ಟೇ. ನಿಮಗೂ ಕೆಂಪು ಪರದೆ ಬಂದರೆ ಅಷ್ಟೇ ಮಾಡಿ, ಒಳಗೆ ಏನನ್ನೂ ಒತ್ತಬೇಡಿ. ಅನುಮಾನ ಇದ್ದರೆ ಪ್ಲೇ ಸ್ಟೋರ್ ತೆರೆದು, ಮೇಲೆ ನಿಮ್ಮ ಚಿತ್ರ ಒತ್ತಿ, ಪ್ಲೇ ಪ್ರೊಟೆಕ್ಟ್‌ನಲ್ಲಿ ಸ್ಕ್ಯಾನ್ ಮಾಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ವಾಟ್ಸಾಪಿನಲ್ಲಿ ಬಂದ ಎಪಿಕೆ ಯಾರೇ ಕಳಿಸಲಿ, ಸಂಬಂಧಿಕರೇ ಕಳಿಸಲಿ, ಹಾಕಬೇಡಿ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂದವನು ಕಳ್ಳ. ಇನ್ನೊಂದು ಮಾತೇ ಇಲ್ಲ. ಹಣ ಹೋದರೆ ಮೊದಲು ನೆಟ್ ಆಫ್ ಮಾಡಿ, ಬೇರೆ ಫೋನಿಂದ ಬ್ಯಾಂಕಿಗೆ ಮತ್ತು 1930ಕ್ಕೆ ಮಾಡಿ. ಕಳ್ಳನನ್ನು ಕೇಳುತ್ತಾ ಕೂರಬೇಡಿ.

ನಿನ್ನೆ ಇನ್ನೊಂದು ನಂಬರಿಂದ ಮೆಸೇಜ್ ಬಂತು. ಹೋದ 76,500 ವಾಪಸ್ ಕೊಡಿಸುತ್ತಾರಂತೆ, ಮೊದಲು 2,000 ಕಟ್ಟಬೇಕಂತೆ. ಮೊತ್ತ ಅಷ್ಟು ಸರಿಯಾಗಿ ಹೇಗೆ ಗೊತ್ತಾಯಿತು ಅಂತ ನೀವೇ ಯೋಚಿಸಿ. ಉತ್ತರ ಕೊಡಲಿಲ್ಲ. ಅದರ ಫೋಟೊ ತೆಗೆದು ಪೊಲೀಸರಿಗೆ ಕೊಟ್ಟಿದ್ದೇನೆ. ನಿಮಗೂ ಹಾಗೆ ಬಂದರೆ ಒಂದು ರೂಪಾಯಿನೂ ಕಟ್ಟಬೇಡಿ.