ಹದಿನಾಲ್ಕು ವರ್ಷ ಹಳೆಯ ಮೂರು ಇಟಾಲಿಯನ್ ಕೆಂಪು ವೈನ್: ಯಾವುದಕ್ಕೆ ಎಷ್ಟು ಗಾಳಿ?

ಮೂರು ಬಾಟಲಿ, ಮೂರೂ 2010ರ ಫಸಲು, ಮೂರೂ ಬೇರೆ ಬೇರೆ ತಳಿಯ ದ್ರಾಕ್ಷಿ ಬೆರೆಸಿ ಮಾಡಿದ ಇಟಲಿಯ ಕೆಂಪು ವೈನ್. ಒಂದು ಟಸ್ಕನಿಯ ಕಿಯಾಂಟಿ ಕ್ಲಾಸಿಕೊ ರಿಸೆರ್ವಾ, ಇನ್ನೊಂದು ಅದೇ ಗುಡ್ಡಗಳ ತಿನ್ಯಾನೆಲ್ಲೊ, ಮತ್ತೊಂದು ವೆರೋನಾ ಪಕ್ಕದ ವಾಲ್ಪೊಲಿಚೆಲ್ಲಾದ ಅಮರೋನೆ. ಮಾರಾಟಕ್ಕೆ ಬಂದಂದಿನಿಂದ 13 ಡಿಗ್ರಿಯ ನೆಲಮಾಳಿಗೆಯಲ್ಲಿ ಅಡ್ಡ ಮಲಗಿದ್ದ ಇವನ್ನು ಹದಿನಾಲ್ಕನೇ ವರ್ಷಕ್ಕೆ ಒಂದೇ ದಿನ ತೆರೆದು, ಒಂದೇ ಬಗೆಯ ಗ್ಲಾಸಿನಲ್ಲಿ ರುಚಿ ನೋಡಿದೆವು: ತೆರೆದ ಕೂಡಲೇ, ಅರ್ಧ ಗಂಟೆಗೆ, ಒಂದು, ಎರಡು, ನಾಲ್ಕು ಗಂಟೆಗೆ, ಆಮೇಲೆ ಮಾರನೆಯ ದಿನ. ಹಳೆಯ ವೈನನ್ನು ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದು ಎರಡು ಗಂಟೆ ಗಾಳಿಗಿಡಬೇಕು ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತು ಇವುಗಳಲ್ಲಿ ಒಂದಕ್ಕೆ ಪೂರ್ತಿ ಸರಿ, ಒಂದಕ್ಕೆ ಅರ್ಧ ಸರಿ, ಇನ್ನೊಂದನ್ನು ಕೊಂದೇಬಿಡುತ್ತದೆ. ಕಾರಣ ಬಾಟಲಿಯೊಳಗಿನ ಬೆರಕೆಯಲ್ಲೇ ಇದೆ.

ಕಿಯಾಂಟಿ ಕ್ಲಾಸಿಕೊದಲ್ಲಿ ಸಾಂಜೊವೇಸೆ ದ್ರಾಕ್ಷಿ ಕನಿಷ್ಠ ಶೇ. 80 ಇರಬೇಕೆಂಬುದು ನಿಯಮ. ನಾವು ತೆರೆದ ಬಾಟಲಿಯಲ್ಲಿ ಶೇ. 90 ಅದೇ, ಉಳಿದದ್ದು ಕನಾಯೋಲೊ ಮತ್ತು ಕೊಲೊರೀನೊ ಎಂಬ ಅಲ್ಲಿನ ನಾಟಿ ತಳಿಗಳು. ಕನಾಯೋಲೊ ಬಿರುಸು ತಗ್ಗಿಸುತ್ತದೆ, ಕೊಲೊರೀನೊ ಬಣ್ಣ ತುಂಬುತ್ತದೆ. ರಿಸೆರ್ವಾ ಅನ್ನಿಸಿಕೊಳ್ಳಲು ಕನಿಷ್ಠ 24 ತಿಂಗಳು ಮಾಗಿರಬೇಕು, ಅದರಲ್ಲಿ 3 ತಿಂಗಳು ಬಾಟಲಿಯಲ್ಲೇ. ಸಾಂಜೊವೇಸೆಗೆ ಹುಳಿ ಜಾಸ್ತಿ, ಒಗರೂ ಜಾಸ್ತಿ. ಬಣ್ಣ ಮಾತ್ರ ಕಡಿಮೆ, ಇದ್ದದ್ದೂ ಬೇಗ ಇಳಿಯುತ್ತದೆ. ಹಾಗಾಗಿ ಹಳೆಯ ಕಿಯಾಂಟಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಕೆಟ್ಟಿದೆ ಅಂದುಕೊಳ್ಳಬೇಡಿ. ಬಣ್ಣ ನೋಡಿ ಚೆಲ್ಲಿದ ಒಳ್ಳೆಯ ಬಾಟಲಿಗಳು ಎಷ್ಟೋ.

ತಿನ್ಯಾನೆಲ್ಲೊದಲ್ಲೂ ಶೇ. 80ರಷ್ಟು ಸಾಂಜೊವೇಸೆಯೇ. ಜೊತೆಗೆ ಶೇ. 15ರಷ್ಟು ಕ್ಯಾಬರ್ನೆ ಸೊವಿನ್ಯೋನ್, ಶೇ. 5ರಷ್ಟು ಕ್ಯಾಬರ್ನೆ ಫ್ರಾಂಕ್. 1970ರ ದಶಕದಲ್ಲಿ ಕಿಯಾಂಟಿ ಎಂದು ಹೆಸರು ಹಾಕಬೇಕಾದರೆ ಬಿಳಿ ದ್ರಾಕ್ಷಿ ಬೆರೆಸಲೇಬೇಕಿತ್ತು. ಆಂತಿನೋರಿ ಮನೆತನ 1971ರ ಫಸಲಿನಿಂದ ಆ ಹೆಸರನ್ನೇ ಬಿಟ್ಟು, ಸಾದಾ ಮೇಜಿನ ವೈನ್ ಎಂಬ ಕೆಳದರ್ಜೆಯ ಚೀಟಿ ಅಂಟಿಸಿ ಇದನ್ನು ಹೊರತಂದಿತು. 1975ಕ್ಕೆ ಬಿಳಿ ದ್ರಾಕ್ಷಿ ಪೂರ್ತಿ ಹೊರಗೆ, 1982ರಿಂದ ಬೆರಕೆ ಹೆಚ್ಚುಕಡಿಮೆ ಇವತ್ತಿನದೇ. ಮಾಗುವುದು ದೊಡ್ಡ ಮರದ ತೊಟ್ಟಿಯಲ್ಲಲ್ಲ, 225 ಲೀಟರಿನ ಸಣ್ಣ ಓಕ್ ಪೀಪಾಯಿಗಳಲ್ಲಿ. ಪೀಪಾಯಿ ಸಣ್ಣದಾದಷ್ಟೂ ವೈನಿಗೆ ಮರ ತಾಗುವುದು ಹೆಚ್ಚು, ಗಾಳಿಯ ಸೋಂಕೂ ಹೆಚ್ಚು. ಕ್ಯಾಬರ್ನೆಯ ದಪ್ಪ ಸಿಪ್ಪೆಯ ಬಣ್ಣ ಮತ್ತು ಒಗರು ಸಾಂಜೊವೇಸೆಯ ಹುಳಿಗೆ ಬೆನ್ನೆಲುಬಿನಂತೆ ನಿಲ್ಲುತ್ತವೆ.

ಅಮರೋನೆಯದು ಬೇರೆಯೇ ದಾರಿ. ಕೊರ್ವೀನಾ ಮುಖ್ಯ, ರೊಂದಿನೆಲ್ಲಾ ಜೊತೆಗೆ, ಕೊರ್ವಿನೋನೆಯೂ ಬೆರೆಯುತ್ತದೆ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ ಒಂದೇ ಪದರವಾಗಿ ಹರಡಿ ಮೂರು ನಾಲ್ಕು ತಿಂಗಳು ಬಾಡಿಸುತ್ತಾರೆ. ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ನೀರು ಆರಿಹೋಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ, ಆ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗುತ್ತದೆ. ಕನಿಷ್ಠ ಶೇ. 14 ಮದ್ಯಸಾರ ಇರಲೇಬೇಕು. ನಮ್ಮ ಬಾಟಲಿಯಲ್ಲಿ 16 ಇತ್ತು. ಇದಕ್ಕೆ ಡಿಒಸಿಜಿ ಎಂಬ ಮೇಲ್ದರ್ಜೆ ಜಾರಿಯಾದದ್ದೂ 2010ರ ಫಸಲಿನಿಂದಲೇ.

ತೆರೆಯುವ ಎರಡು ದಿನ ಮೊದಲೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಬೇಕು. ಅಡ್ಡ ಮಲಗಿದ್ದಾಗ ಪಕ್ಕಕ್ಕೆ ಕೂತ ಗಷ್ಟು ಜಾರಿ ತಳ ಸೇರಲು ಅಷ್ಟು ಹೊತ್ತು ಬೇಕು. ಒಂದು ದಿನ ಸಾಲದು, ಅದರಲ್ಲೂ ಸಾಂಜೊವೇಸೆಯ ಗಷ್ಟು ರಾಗಿ ಹಿಟ್ಟಿನಷ್ಟು ನುಣುಪು. ವೈನಿನ ಮಟ್ಟವನ್ನೂ ಆಗಲೇ ನೋಡಿಕೊಳ್ಳಿ. ಹದಿನಾಲ್ಕು ವರ್ಷಕ್ಕೆ ಅದು ಕುತ್ತಿಗೆಯಲ್ಲೋ ಕುತ್ತಿಗೆಯ ಬುಡದಲ್ಲೋ ಇರಬೇಕು. ಬಾಟಲಿಯ ಹೆಗಲಿಗಿಂತ ಕೆಳಗಿಳಿದಿದ್ದರೆ ಬಿರಡೆ ಸೋರಿದೆ, ಒಳಗೆ ಗಾಳಿ ಹೊಕ್ಕಿದೆ. ಬಿರಡೆ ಹೊರಗೆ ಉಬ್ಬಿದ್ದು ಮೇಲೆ ಅಂಟು ಅಂಟಾಗಿದ್ದರೆ ಯಾವಾಗಲೋ ಬಿಸಿ ತಗುಲಿದೆ ಎಂದರ್ಥ.

ಬಿರಡೆ ತೆಗೆಯುವಾಗಲೇ ಹೆಚ್ಚಿನವರು ಎಡವುವುದು. ಹಳೆಯ ಬಿರಡೆಯ ಕೆಳಭಾಗ ನೆನೆದು ಮೆತ್ತಗಾಗಿರುತ್ತದೆ, ಮೇಲ್ಭಾಗ ಒಣಗಿರುತ್ತದೆ. ಸಾದಾ ತಿರುಪು ಅರ್ಧಕ್ಕೆ ಹೊಕ್ಕರೆ ಮೇಲಿನ ಅರ್ಧ ಕಿತ್ತು ಬರುತ್ತದೆ, ಕೆಳಗಿನದು ಅಲ್ಲೇ ಉಳಿಯುತ್ತದೆ. ಇದಕ್ಕೆ ಎರಡು ತೆಳ್ಳನೆಯ ಉಕ್ಕಿನ ಅಲಗುಗಳಿರುವ ಇಕ್ಕಳದಂಥ ಸಾಧನ ಬೇಕು. ಉದ್ದದ ಅಲಗನ್ನು ಬಿರಡೆಗೂ ಗಾಜಿಗೂ ನಡುವೆ ಮೊದಲು ಇಳಿಸಿ, ಗಿಡ್ಡದ್ದನ್ನು ಎದುರು ಬದಿಗೆ ತೂರಿಸಿ, ಆಚೆ ಈಚೆ ಅಲ್ಲಾಡಿಸುತ್ತಾ ಪೂರ್ತಿ ಒಳಗೆ ಒತ್ತಬೇಕು. ಆಮೇಲೆ ಎಳೆಯುವುದಲ್ಲ, ನಿಧಾನ ತಿರುಗಿಸುತ್ತಾ ಎತ್ತುವುದು. ಎಚ್ಚರಿಕೆ ಒಂದೇ: ಬೆರಳಲ್ಲಿ ಒತ್ತಿದರೆ ಅಲ್ಲಾಡುವಷ್ಟು ಬಿರಡೆ ಸಡಿಲವಿದ್ದರೆ ಈ ಸಾಧನ ಅದನ್ನು ಒಳಕ್ಕೇ ತಳ್ಳುತ್ತದೆ. ಅಂಥದ್ದಕ್ಕೆ ಉದ್ದನೆಯ ತಿರುಪನ್ನು ನಡುಮಧ್ಯಕ್ಕೆ ಕೊನೆಯವರೆಗೂ ಇಳಿಸಿ ಮೆಲ್ಲಗೆ ಎತ್ತಬೇಕು. ನಮ್ಮ ಅಮರೋನೆಯ ಬಿರಡೆ ಹೊಸದರಷ್ಟೇ ಗಟ್ಟಿ ಇತ್ತು. ರಿಸೆರ್ವಾದ್ದು ಮಾತ್ರ ಮುಟ್ಟಿದರೆ ಪುಡಿಯಾಗುವಂತಿತ್ತು, ಎರಡಲಗಿನ ಸಾಧನ ಇಲ್ಲದಿದ್ದರೆ ವೈನನ್ನು ಬಟ್ಟೆಯಲ್ಲಿ ಸೋಸಬೇಕಾಗುತ್ತಿತ್ತು.

ಬಗ್ಗಿಸುವಾಗ ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಒಂದೇ ಓಟಕ್ಕೆ, ನಡುವೆ ನಿಲ್ಲಿಸದೆ ಬಗ್ಗಿಸಬೇಕು. ನಿಲ್ಲಿಸಿ ನೆಟ್ಟಗೆ ಮಾಡಿದರೆ ಗಷ್ಟು ಕದಡಿ ಮೇಲೇಳುತ್ತದೆ. ತಿಳಿಯಾಗಿ ಹರಿಯುತ್ತಿದ್ದ ಕೆಂಪಿನಲ್ಲಿ ಹೊಗೆಯೆಳೆಯಂಥ ಗೆರೆಯೊಂದು ಕುತ್ತಿಗೆಯತ್ತ ತೆವಳುವುದು ಬೆಳಕಿನಲ್ಲಿ ಕಾಣುತ್ತದೆ. ಕಂಡ ಕ್ಷಣ ನಿಲ್ಲಿಸಿ. 40–50 ಮಿಲಿ ಉಳಿಯುತ್ತದೆ, ಅದರ ಆಸೆ ಬೇಡ. ಗಷ್ಟು ಬೆರೆತರೆ ಇಡೀ ಬಾಟಲಿಗೆ ಕಹಿ ಹತ್ತುತ್ತದೆ.

ರಿಸೆರ್ವಾ ಕುಡಿಯಲು 16 ಡಿಗ್ರಿ. ತೆರೆದ ಕೂಡಲೇ ಒಣ ಚೆರ್ರಿ, ಬಾಡಿದ ಗುಲಾಬಿ ಎಸಳು, ಚಹಾದ ಎಲೆ, ಅಗೆದ ಮಣ್ಣು, ಹಳೆಯ ಚರ್ಮದ ಚೀಲದ ವಾಸನೆ. ಗ್ಲಾಸಿನ ಅಂಚು ಕಿತ್ತಳೆ ಬಣ್ಣ. ಬಾಯಲ್ಲಿ ಪುನರ್ಪುಳಿಯಂಥ ಚುರುಕು ಹುಳಿ. ಒಗರು ಎಷ್ಟು ಕರಗಿತ್ತೆಂದರೆ ಎಳೆಯದಿದ್ದಾಗ ಬಾಳೆಕಾಯಿ ಕಚ್ಚಿದಂತೆ ಒಸಡು ಬಿಗಿಯುವ ವೈನ್ ಇದೇ ಎಂದು ನಂಬುವುದು ಕಷ್ಟ. ಗ್ಲಾಸಿನಲ್ಲೇ ಅರ್ಧ ಗಂಟೆ ಕಳೆದಾಗ ಇದು ಮೂರರಲ್ಲೂ ಮೇಲೆ ನಿಂತಿತು. ಪರಿಮಳ ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಒಂದು ಗಂಟೆಗೆ ಇನ್ನೂ ಚೆನ್ನ, ಎರಡನೆಯ ಗಂಟೆಗೆ ಹಣ್ಣಿನ ಸ್ವಾದ ಜಾರಿ ಬರಿಯ ಹುಳಿ ಉಳಿಯಿತು. ಇದೇ ಬಾಟಲಿಯಿಂದ 200 ಮಿಲಿಯನ್ನು ಅಗಲ ತಳದ ಡಿಕ್ಯಾಂಟರಿಗೆ ಹಾಕಿದ್ದೆವು. ಅದು ನಲವತ್ತೇ ನಿಮಿಷಕ್ಕೆ ಸಪ್ಪೆ. ಇಷ್ಟು ವರ್ಷದಲ್ಲಿ ಇದರ ಬಣ್ಣ ಮತ್ತು ಒಗರಿನ ಬಹುಪಾಲು ಒಂದಕ್ಕೊಂದು ಅಂಟಿ ಗಷ್ಟಾಗಿ ತಳ ಸೇರಿದೆ. ಗಾಳಿಯ ಏಟನ್ನು ತಡೆಯುತ್ತಿದ್ದುದು ಅವೇ.

ಇದೇ ರಿಸೆರ್ವಾದ ಎರಡನೆಯ ಬಾಟಲಿಗೆ ಬಿರಡೆಯ ದೋಷ ತಗುಲಿತ್ತು. ಒದ್ದೆ ರಟ್ಟಿನ, ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ವಾಸನೆ. ಟಿಸಿಎ ಎಂಬ ರಾಸಾಯನಿಕದ ಕೆಲಸ ಅದು, ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಹತ್ತುತ್ತದೆ. ಇದಕ್ಕೆ ಮದ್ದಿಲ್ಲ, ಗಾಳಿಗಿಟ್ಟಷ್ಟೂ ಎದ್ದು ಕಾಣುತ್ತದೆ. ಆದರೆ ಅವಸರದಲ್ಲಿ ಚೆಲ್ಲಬೇಡಿ. ಬಹಳ ಕಾಲ ಮುಚ್ಚಿದ್ದ ಬಾಟಲಿಯಲ್ಲಿ ಮುಗ್ಗಲು ಅಥವಾ ಬೆಂಕಿಕಡ್ಡಿಯ ವಾಸನೆ ಮೊದಲು ಬರುವುದುಂಟು, ಅದು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತದೆ. ಹೋಗದಿದ್ದರೆ ಮಾತ್ರ ದೋಷ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳಲ್ಲಿ ಹೀಗೆ ಅಜಗಜಾಂತರ ಇರಬಹುದಾದ್ದರಿಂದ ಹಳೆಯ ವೈನನ್ನು ಒಂಟಿ ಬಾಟಲಿಯಾಗಿ ಕೊಳ್ಳದಿರುವುದೇ ಒಳ್ಳೆಯದು.

ತಿನ್ಯಾನೆಲ್ಲೊ ತೆರೆದಾಗ ಮುಖ ಬಿಗಿದುಕೊಂಡಿತ್ತು. ಬಣ್ಣ ನಡುವೆ ಇನ್ನೂ ಗಾಢ, ಅಂಚಿನಲ್ಲಷ್ಟೇ ಇಟ್ಟಿಗೆ ಛಾಯೆ. ಮೊದಲು ಬಂದದ್ದು ಪೆನ್ಸಿಲ್ ಹೆರೆದಾಗಿನ ಮರದ ವಾಸನೆ ಮತ್ತು ಹೊಗೆಸೊಪ್ಪು. ಹಣ್ಣು ಹಿಂದೆಲ್ಲೋ ಇತ್ತು. ಅರ್ಧ ಗಂಟೆಗೂ ಅಷ್ಟೇ. ಇಲ್ಲಿಗೇ ನಿಲ್ಲಿಸಿದ್ದರೆ ರಿಸೆರ್ವಾದ ಹಲವು ಪಟ್ಟು ಬೆಲೆ ಇದಕ್ಕೇಕೆ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಒಂದು ಗಂಟೆ ದಾಟಿದ ಮೇಲೆ ಬಿಚ್ಚಿಕೊಂಡಿತು: ಕಪ್ಪು ಚೆರ್ರಿ, ನೇರಳೆ, ಹುರಿದ ಕಾಫಿಯ ಸುಳಿ. ಎರಡು ಗಂಟೆಗೆ ಉಚ್ಛ್ರಾಯ, ನಾಲ್ಕು ಗಂಟೆಗೂ ಅದೇ ಹದ. ಒಗರು ಇನ್ನೂ ಜೀವಂತ, ಆದರೆ ನೇರಳೆ ಹಣ್ಣು ತಿಂದ ಮೇಲೆ ನಾಲಗೆಗೆ ಹತ್ತುವಷ್ಟೇ, ಮೃದುವಾದದ್ದು. ಮಾರನೆಯ ದಿನವೂ ಕುಡಿಯಬಹುದಾಗಿತ್ತು.

ಹಾಗಾಗಿ ಡಿಕ್ಯಾಂಟರ್ ಬೇಕಾದ್ದು ಇದಕ್ಕೆ. ಮೇಜಿನ ಮೇಲೆ ಮೂಲ ಬಾಟಲಿಯೇ ಇರಲಿ ಎಂದಿದ್ದರೆ ಗಷ್ಟು ಬಿಟ್ಟು ಡಿಕ್ಯಾಂಟರಿಗೆ ಬಗ್ಗಿಸಿ, ಖಾಲಿ ಬಾಟಲಿಯನ್ನು ಬರೀ ನೀರಿನಲ್ಲಿ ಎರಡು ಸಲ ಕುಲುಕಿ ತೊಳೆದು, ಬೋರಲು ಹಾಕಿ ನೀರಿಳಿಸಿ, ವೈನನ್ನು ಮತ್ತೆ ಅದಕ್ಕೇ ಸುರಿಯಿರಿ. ಸೋಪು ಮುಟ್ಟಿಸಬಾರದು. ಎರಡು ಸಲ ಸುರಿದಾಗಲೇ ಬೇಕಾದಷ್ಟು ಗಾಳಿ ಬೆರೆತಿರುತ್ತದೆ, ಆಮೇಲೆ ಒಂದು ಗಂಟೆ ಬಿಟ್ಟರೆ ಸಾಕು.

ಅಮರೋನೆಯ ಮೊದಲ ಗುಟುಕು ಉತ್ತುತ್ತೆ, ಗುಲ್ಕಂದ, ಕಿತ್ತಳೆ ಸಿಪ್ಪೆ, ಕಹಿ ಚಾಕೊಲೇಟು. ಅದರ ಮೇಲೆ ಉಗುರುಬಣ್ಣದಂಥ ಚುಚ್ಚು ವಾಸನೆ ತೆಳ್ಳಗೆ. ಬಾಡಿಸಿದ ದ್ರಾಕ್ಷಿಯ ವೈನಿನಲ್ಲಿ ಇದು ಸಾಮಾನ್ಯ, ಒಂದು ಗಂಟೆ ಡಿಕ್ಯಾಂಟರಿನಲ್ಲಿಟ್ಟರೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಗಾಳಿಯಿಂದ ಲಾಭವೇನೂ ಕಾಣಲಿಲ್ಲ. ಇದಕ್ಕೆ ಮುಖ್ಯ ತಂಪು. 16 ಡಿಗ್ರಿಯಲ್ಲಿ ಹಣ್ಣು ಮುಂದೆ ಬರುತ್ತದೆ, 20 ದಾಟಿತೋ ಮದ್ಯಸಾರ ಮೂಗು ಸುಡುತ್ತದೆ. ನಾಲ್ಕು ಗಂಟೆಗೂ ಮಾರನೆಯ ದಿನಕ್ಕೂ ವ್ಯತ್ಯಾಸ ಹೇಳುವುದು ಕಷ್ಟವಾಯಿತು. ಗಟ್ಟಿತನದಲ್ಲಿ ಇದನ್ನು ಮೀರಿಸುವಂಥದ್ದಿಲ್ಲ. ಆದರೆ ಹದಿನಾಲ್ಕು ವರ್ಷ ಇಟ್ಟಿದ್ದಕ್ಕೆ ತಕ್ಕಷ್ಟು ಬದಲಾಗಿದೆಯೇ ಎಂದರೆ ಇಲ್ಲ. ಎಂಟು-ಹತ್ತು ವರ್ಷಕ್ಕೇ ಇದು ತನ್ನ ಮಾತನ್ನೆಲ್ಲ ಆಡಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅಮರೋನೆ ಪ್ರಿಯರು ಇದನ್ನು ಒಪ್ಪಲಿಕ್ಕಿಲ್ಲ.

ಊಟದ ಜೊತೆ ಮೂರೂ ಮತ್ತೆ ಬೇರೆಯಾದವು. ಎಣ್ಣೆ ಉಪ್ಪು ಬಿಟ್ಟರೆ ಬೇರೇನೂ ಹಾಕದ, ಕೆಂಡದ ಮೇಲೆ ಸುಟ್ಟ ದನದ ಮಾಂಸ ತಿನ್ಯಾನೆಲ್ಲೊಗೆ ಹೇಳಿ ಮಾಡಿಸಿದಂತೆ. ರಿಸೆರ್ವಾಕ್ಕೆ ಅಣಬೆ ಹಾಕಿದ ಪಾಸ್ತಾ. ಅಮರೋನೆಗೆ ಎರಡು ವರ್ಷ ಮಾಗಿದ ಪಾರ್ಮಿಜಾನೊ ಚೀಸಿನ ತುಂಡು, ಬೇರೇನೂ ಬೇಡ. ನಮ್ಮ ಅಡುಗೆಯ ಜೊತೆ ಇಡುವವರಿಗೆ ಎರಡು ಮಾತು: ಮೆಣಸಿನಕಾಯಿಯ ಖಾರ ಅಮರೋನೆಯ ಮದ್ಯಸಾರವನ್ನು ಇಮ್ಮಡಿ ಉರಿಸುತ್ತದೆ. ಕಾಚಂಪುಳಿ ಹಾಕಿದ ಪಂದಿಕರಿಯ ಹುಳಿಯ ಮುಂದೆ ಹಳೆಯ ಕಿಯಾಂಟಿ ಸೋತು ನೀರಾಗುತ್ತದೆ. ಪಂದಿಕರಿಗೆ ಎಳೆಯ, ಹಣ್ಣು ತುಂಬಿದ ವೈನೇ ಸರಿ.

ಬೆಂಗಳೂರಿನಲ್ಲಿ ಇಂಥ ಬಾಟಲಿ ಇಟ್ಟುಕೊಂಡವರು ಬೇಸಿಗೆಯ ಬಗ್ಗೆ ಯೋಚಿಸಲೇಬೇಕು. ಏಪ್ರಿಲ್ಲಿನಲ್ಲಿ ಮನೆಯ ಕಪಾಟು 30 ಡಿಗ್ರಿ ಮುಟ್ಟುತ್ತದೆ. ಅಂಥ ಎರಡು ಬೇಸಿಗೆ ಸಾಕು, ಹಣ್ಣಿನ ಸ್ವಾದ ಕುದಿಸಿದ ಜಾಮಿನಂತಾಗಲು. ಅಡುಗೆಮನೆಯ ಫ್ರಿಜ್ಜು ಕೆಲವು ವಾರಕ್ಕೆ ಪರವಾಗಿಲ್ಲ, ವರ್ಷಗಟ್ಟಲೆ ಇಟ್ಟರೆ ಒಣ ಗಾಳಿಗೆ ಬಿರಡೆ ಕುಗ್ಗುತ್ತದೆ. 12ರಿಂದ 14 ಡಿಗ್ರಿಗೆ ನಿಲ್ಲುವ ವೈನ್ ಪೆಟ್ಟಿಗೆ ಇಲ್ಲದಿದ್ದರೆ ಇಡುವ ಯೋಚನೆ ಬಿಟ್ಟು ಬೇಗ ಕುಡಿಯಿರಿ, ಅದರಲ್ಲೂ ಸಾಂಜೊವೇಸೆ ಹೆಚ್ಚಿರುವುದನ್ನು.

2010ರ ರಿಸೆರ್ವಾ ನಿಮ್ಮಲ್ಲಿ ಉಳಿದಿದ್ದರೆ ಇನ್ನು ಕಾಯಬೇಡಿ, ಎರಡು ಮೂರು ವರ್ಷದೊಳಗೆ ಮುಗಿಸಿ. ತಿನ್ಯಾನೆಲ್ಲೊ ಇನ್ನೂ ಹತ್ತು ವರ್ಷ ಧಾರಾಳವಾಗಿ ತಡೆಯುತ್ತದೆ. ಅಮರೋನೆಗೆ ಅವಸರವಿಲ್ಲ, ಕಾದರೆ ಸಿಗುವುದೂ ಹೆಚ್ಚೇನಿಲ್ಲ. ಮೂರರಲ್ಲಿ ಒಂದನ್ನೇ ಆರಿಸು ಎಂದರೆ ನಾಲ್ಕು ಗಂಟೆಯ ಊಟಕ್ಕೆ ತಿನ್ಯಾನೆಲ್ಲೊ, ಇಬ್ಬರೇ ಕೂತು ಒಂದು ಗಂಟೆ ಮನಸ್ಸಿಟ್ಟು ಕುಡಿಯಲು ರಿಸೆರ್ವಾ. ಆ ಒಂದು ಗಂಟೆಯಲ್ಲಿ 750 ಮಿಲಿ ಮುಗಿಯುವುದಿಲ್ಲ ಅನ್ನಿಸಿದರೆ, ಬಿರಡೆ ತೆಗೆದ ಕೂಡಲೇ, ಯಾರ ಗ್ಲಾಸಿಗೂ ಬಗ್ಗಿಸುವ ಮೊದಲೇ, 375 ಮಿಲಿಯ ಶುಭ್ರವಾದ ಸಣ್ಣ ಬಾಟಲಿಗೆ ಬಾಯಿಯವರೆಗೂ ತುಂಬಿ, ಒಳಗೆ ಗಾಳಿ ಉಳಿಯದಂತೆ ತಿರುಗುಮುಚ್ಚಳ ಬಿಗಿದು ಫ್ರಿಜ್ಜಿಗಿಡಿ. ಮಾರನೆಯ ದಿನ ಕುಡಿಯುವ ಒಂದು ಗಂಟೆ ಮೊದಲು ಹೊರಗೆ ತೆಗೆದರೆ ಸರಿಹೋಗುತ್ತದೆ.