ಫ್ರೆಂಚ್ ಪ್ರೆಸ್, ಮೋಕಾ ಪಾಟ್, ವಿ60, ಏರೋಪ್ರೆಸ್: ವರ್ಷಗಳ ಬಳಕೆಯ ನಂತರ

ಫ್ರೆಂಚ್ ಪ್ರೆಸ್, ಮೋಕಾ ಪಾಟ್, ಪೇಪರ್ ಫಿಲ್ಟರ್ ಹಾಕುವ ವಿ60 ಡ್ರಿಪ್ಪರ್ ಮತ್ತು ಏರೋಪ್ರೆಸ್, ಕಾಫಿ ಮಾಡುವ ಈ ನಾಲ್ಕು ಸಾಧನಗಳನ್ನೂ ನಾನು ಹಲವು ವರ್ಷಗಳಿಂದ ಮನೆಯಲ್ಲಿ ಬಳಸುತ್ತಾ ಬಂದಿದ್ದೇನೆ. ಒಂದು ಸಾಧನವನ್ನು ಕೊಂಡ ಹೊಸತರಲ್ಲಿ ಬರೆಯುವ ಅಭಿಪ್ರಾಯಕ್ಕೂ, ಅದರ ಜಾಲರಿಯ ಅಂಚು ಬಿಚ್ಚಿಕೊಂಡು, ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ, ಬದಲಿ ಭಾಗಗಳನ್ನು ತರಿಸಿಕೊಂಡ ಮೇಲೆ ಬರೆಯುವ ಅಭಿಪ್ರಾಯಕ್ಕೂ ಬಹಳ ಅಂತರವಿರುತ್ತದೆ. ಇಷ್ಟು ಕಾಲದ ಬಳಕೆಯ ನಂತರ ನನಗೆ ಖಚಿತವಾಗಿರುವುದು ಇಷ್ಟು: ಕಪ್ಪಿಗೆ ಇಳಿಯುವ ರುಚಿಯ ಬಹುಪಾಲನ್ನು ಪುಡಿಯ ಹದ ಮತ್ತು ಸೋಸುವ ವಸ್ತು ಸೇರಿ ನಿರ್ಧರಿಸುತ್ತವೆ, ಆದರೆ ಯಾವ ಸಾಧನ ದಿನವೂ ಕೈಗೆ ಬರುತ್ತದೆ, ಯಾವುದು ಕಪಾಟಿನ ಹಿಂಬದಿಗೆ ಸರಿಯುತ್ತದೆ ಎಂಬುದನ್ನು ತೊಳೆಯುವ ಕೆಲಸವೇ ತೀರ್ಮಾನಿಸುತ್ತದೆ.

ಹುರಿದ ಕಾಫಿ ಬೀಜದಲ್ಲಿ ನೀರಿಗೆ ಕರಗಬಲ್ಲ ಅಂಶ ತೂಕದ ಲೆಕ್ಕದಲ್ಲಿ ಸುಮಾರು ಶೇ. 30ರಷ್ಟು ಇರುತ್ತದೆ. ಅದೆಲ್ಲವನ್ನೂ ಕರಗಿಸಿದರೆ ಕಾಫಿ ಬಾಯಿಗಿಡಲಾಗದಷ್ಟು ಕಹಿಯಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ ಅವರ ಕೆಲಸದಿಂದ ಪ್ರಚಾರಕ್ಕೆ ಬಂದ ಪುಡಿಯ ತೂಕದ ಶೇ. 18ರಿಂದ 22ರಷ್ಟನ್ನು ಮಾತ್ರ ಕರಗಿಸಬೇಕೆಂಬ ಮಿತಿಯನ್ನು ಇಂದಿಗೂ ಕಾಫಿ ವೃತ್ತಿಯವರು ಅಳತೆಗೋಲಾಗಿ ಬಳಸುತ್ತಾರೆ. ಹುಳಿಯ ಅಂಶ ಬೇಗ ಕರಗುತ್ತದೆ, ಸಿಹಿಯ ಅನುಭವ ಅದರ ಹಿಂದೆ ಬರುತ್ತದೆ, ಕಹಿ ಮತ್ತು ಒಗರು ಕೊನೆಗೆ ಮೇಲುಗೈ ಪಡೆಯುತ್ತವೆ. ಆದ್ದರಿಂದ ಕಾಫಿ ಬರಿಯ ಹುಳಿಯಾಗಿ ತೆಳ್ಳಗಿದ್ದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಬೇಕು, ನಾಲಿಗೆ ಒಣಗಿಸುವಂತಿದ್ದರೆ ತರಿಯಾಗಿಸಬೇಕು. ನಾಲ್ಕೂ ಸಾಧನಗಳಿಗೆ ಅನ್ವಯಿಸುವ ಈ ಒಂದು ತಿದ್ದುಪಡಿ, ಅವುಗಳ ಜೊತೆಗೆ ಬರುವ ಕೈಪಿಡಿಗಳೆಲ್ಲವುಗಳಿಗಿಂತ ಹೆಚ್ಚು ಉಪಕಾರ ಮಾಡಿದೆ.

ಪಾತ್ರೆಯೊಳಗೆ ಲೋಹದ ಜಾಲರಿಯನ್ನು ಇಳಿಸಿ ಪುಡಿಯನ್ನು ಬೇರ್ಪಡಿಸುವ ಫ್ರೆಂಚ್ ಪ್ರೆಸ್ ಇವುಗಳಲ್ಲಿ ಅತ್ಯಂತ ಸರಳವಾದದ್ದು. ಅರ್ಧ ಲೀಟರ್ ನೀರಿಗೆ 30 ಗ್ರಾಂ ಪುಡಿ ಹಾಕಿ, ಕುದಿ ಇಳಿದ ನೀರನ್ನು ಸುರಿದು, ನಾಲ್ಕು ನಿಮಿಷ ಬಿಟ್ಟರೆ ಮೇಲೆ ಪುಡಿಯ ದಪ್ಪ ಪದರವೊಂದು ಕಟ್ಟಿಕೊಳ್ಳುತ್ತದೆ. ಚಮಚದಿಂದ ಅದನ್ನು ಮೆಲ್ಲಗೆ ಒಡೆದಾಗ ಪುಡಿಯ ಬಹುಭಾಗ ತಳಕ್ಕಿಳಿಯುತ್ತದೆ; ಮೇಲೆ ಉಳಿದ ನಸುಕಂದು ನೊರೆಯನ್ನು ತೆಗೆದುಹಾಕಿ, ಇನ್ನೂ ಕೆಲವು ನಿಮಿಷ ಕಾಯ್ದು, ಜಾಲರಿಯನ್ನು ತಳದವರೆಗೆ ಅದುಮದೆ ಕಾಫಿಯ ಮೇಲ್ಮೈಗೆ ತಾಗುವಷ್ಟೇ ಇಳಿಸಿ ಬಗ್ಗಿಸಿದರೆ, ಕಪ್ಪಿನ ತಳದಲ್ಲಿ ಚರಟ ಕೂರುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಬಲವಾಗಿ ಅದುಮಿದಾಗ ಕೆಳಗೆ ಕೂತ ಸಣ್ಣ ಕಣಗಳೆಲ್ಲ ಮತ್ತೆ ಎದ್ದು ಬರುತ್ತವೆ. ಲೋಹದ ಜಾಲರಿಯು ಕಾಫಿಯ ಎಣ್ಣೆಯನ್ನು ತಡೆಯುವುದಿಲ್ಲವಾದ್ದರಿಂದ ಈ ಕಾಫಿಗೆ ಬಾಯಿ ತುಂಬುವ ಮೈ ಇರುತ್ತದೆ, ಮತ್ತು ಕಡು ಹುರಿತದ ಬೀಜಕ್ಕೆ ಇದರಷ್ಟು ಒಪ್ಪುವ ವಿಧಾನವನ್ನು ನಾನು ಬೇರೆ ಕಂಡಿಲ್ಲ. ಆದರೆ ಅದೇ ಎಣ್ಣೆಯಲ್ಲಿ ಕೆಫೆಸ್ಟಾಲ್ ಮತ್ತು ಕಾವಿಯಾಲ್ ಎಂಬ ಅಂಶಗಳಿದ್ದು, ಅವು ರಕ್ತದಲ್ಲಿನ ಎಲ್‌ಡಿಎಲ್ ಕೊಲೆಸ್ಟ್ರಾಲ್ ಅನ್ನು ಏರಿಸುತ್ತವೆ. ಪೇಪರ್ ಫಿಲ್ಟರ್ ಅವುಗಳ ಬಹುಪಾಲನ್ನು ಹಿಡಿದಿಡುತ್ತದೆ. ಕೊಲೆಸ್ಟ್ರಾಲ್ ಹೆಚ್ಚಿರುವವರು ದಿನಕ್ಕೆ ಹಲವು ಕಪ್ ಕುಡಿಯುವುದಾದರೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಪ್ರೆಸ್‌ನ ನಿಜವಾದ ತೊಡಕು ಕಾಫಿ ಕುಡಿದ ಮೇಲೆ ಶುರುವಾಗುತ್ತದೆ. ಒದ್ದೆ ಚರಟವನ್ನು ಸಿಂಕಿಗೆ ಸುರಿಯುವಂತಿಲ್ಲ, ಪೈಪು ಕಟ್ಟಿಕೊಳ್ಳುತ್ತದೆ. ಜಾಲರಿಯ ಪದರಗಳನ್ನು ಬಿಚ್ಚಿ ತೊಳೆಯದಿದ್ದರೆ ನಡುವೆ ನಿಂತ ಎಣ್ಣೆ ಕಮಟು ವಾಸನೆ ಹಿಡಿದು ಮುಂದಿನ ಕಾಫಿಗೂ ಅಂಟುತ್ತದೆ. ಪ್ರೆಸ್‌ನ ಕಾಫಿ ಕೆಟ್ಟಿದೆ ಎಂದು ದೂರುವವರು ಮೊದಲು ಆ ಜಾಲರಿಯನ್ನು ಬಿಚ್ಚಿ ಮೂಸಿ ನೋಡಲಿ ಎಂಬುದು ನನ್ನ ಕಳಕಳಿಯ ಸಲಹೆ. ಗಾಜಿನ ಪಾತ್ರೆಯ ಬದಲು ಎರಡು ಪದರದ ಸ್ಟೀಲಿನದನ್ನು ಕೊಂಡರೆ ಒಡೆಯುವ ಭಯವಿಲ್ಲ, ಬಿಸಿಯೂ ಹೆಚ್ಚು ಹೊತ್ತು ನಿಲ್ಲುತ್ತದೆ.

ಇಟಲಿಯ ಅಲ್ಫೋನ್ಸೋ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಮೋಕಾ ಪಾಟ್ ನೋಡಲು ಬಹಳ ಸೊಗಸಾಗಿದೆ, ಆದರೆ ಬಳಕೆಯಲ್ಲಿ ಅದರಷ್ಟು ಗಮನ ಬೇಡುವ ಸಾಧನ ಈ ನಾಲ್ಕರಲ್ಲಿ ಇನ್ನೊಂದಿಲ್ಲ. ಕೆಳಗಿನ ಪಾತ್ರೆಯಲ್ಲಿ ಬಿಸಿಯಾದ ಗಾಳಿ ಮತ್ತು ಹಬೆಯ ಒತ್ತಡ ನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಎಸ್ಪ್ರೆಸೋ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ಕೆಲಸ ಮಾಡಿದರೆ ಇಲ್ಲಿರುವುದು ಒಂದೆರಡು ಬಾರ್ ಮಾತ್ರ, ಆದ್ದರಿಂದ ಇದರಿಂದ ಎಸ್ಪ್ರೆಸೋ ಸಿಗುತ್ತದೆಂಬ ಜಾಹೀರಾತಿನ ಮಾತನ್ನು ನಂಬಿ ಕೊಳ್ಳಬಾರದು. ಸುರಕ್ಷತಾ ವಾಲ್ವಿನ ಕೆಳಗಿನವರೆಗೆ ಬಿಸಿನೀರನ್ನೇ ತುಂಬಿ, ಪುಡಿಯನ್ನು ಒತ್ತದೆ ಸಮ ಮಾಡಿ, ಸಣ್ಣ ಉರಿಯಲ್ಲಿಟ್ಟು, ಹರಿವು ಬಿಳಿಚಿಕೊಂಡು ಗುಳುಗುಳು ಸದ್ದು ಏಳುವ ಮೊದಲೇ ಕೆಳಗಿಳಿಸಿದರೆ ಹಾಲಿಗೆ ಚೆನ್ನಾಗಿ ಹೊಂದುವ ಗಟ್ಟಿ ಕಾಫಿ ದೊರೆಯುತ್ತದೆ. ಅರ್ಧ ನಿಮಿಷ ತಡವಾದರೆ ಸುಟ್ಟ ಕಹಿ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ವಿಷಯವೆಂದರೆ, ಪುಡಿಯ ಬುಟ್ಟಿಯನ್ನು ಪೂರ್ತಿ ತುಂಬಿದಾಗಲೇ ಇದು ಸರಿಯಾಗಿ ಕೆಲಸ ಮಾಡುತ್ತದೆ. ಆರು ಕಪ್ಪಿನದನ್ನು ಕೊಂಡು ಇಬ್ಬರಿಗಷ್ಟೇ ಕಾಫಿ ಮಾಡಲಾಗದು. ಅಲ್ಯೂಮಿನಿಯಂನದು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ, ಗ್ಯಾಸ್ಕೆಟ್ ಗಟ್ಟಿಯಾದಾಗ ಜೋಡಣೆಯ ಅಂಚಿನಿಂದ ಹಬೆ ಸೋರುತ್ತದೆ.

ಪೇಪರ್ ಫಿಲ್ಟರ್‌ನ ಕಥೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1908ರಲ್ಲಿ ಆರಂಭವಾಗುತ್ತದೆ. ಚರಟದ ಕಹಿಯಿಂದ ಬೇಸತ್ತ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ, ಮಗನ ನೋಟುಪುಸ್ತಕದ ಬ್ಲಾಟಿಂಗ್ ಪೇಪರನ್ನು ತೂತು ಮಾಡಿದ ಪಾತ್ರೆಗೆ ಹಾಸಿ ಕಾಫಿ ಸೋಸಿದರು. ಇಂದಿನ ವಿ60 ಅದೇ ಉಪಾಯದ ಪರಿಷ್ಕೃತ ರೂಪ: 60 ಡಿಗ್ರಿ ಕೋನ, ಒಳಗೋಡೆಯಲ್ಲಿ ಸುರುಳಿ ಏಣುಗಳು, ತಳದಲ್ಲಿ ಒಂದೇ ದೊಡ್ಡ ರಂಧ್ರ. ರಂಧ್ರ ದೊಡ್ಡದಾದ್ದರಿಂದ ಹರಿವನ್ನು ನಿಯಂತ್ರಿಸುವ ಹೊಣೆ ಪೂರ್ತಿಯಾಗಿ ಪುಡಿಯ ಹದ ಮತ್ತು ನಮ್ಮ ಕೈಯ ಮೇಲೆ ಬೀಳುತ್ತದೆ. ನಾನು 15 ಗ್ರಾಂ ಪುಡಿಗೆ 250 ಗ್ರಾಂ ನೀರು ಬಳಸುತ್ತೇನೆ. ಮೊದಲು ಸುಮಾರು 40 ಗ್ರಾಂ ನೀರು ಹಾಕಿ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಕಾಯುತ್ತೇನೆ. ಆಗ ಇತ್ತೀಚೆಗೆ ಹುರಿದ ಬೀಜದ ಪುಡಿಯಾದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು, ಪುಡಿ ಹಿಟ್ಟು ಹುದುಗಿದಂತೆ ಉಬ್ಬಿ ಗುಳ್ಳೆ ಬಿಡುತ್ತದೆ. ಹಳೆಯದಾದರೆ ಅಲುಗಾಡದೆ ನೀರು ಕುಡಿದು ಕೂರುತ್ತದೆ. ಬೀಜದ ತಾಜಾತನವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಾಧನ ಬೇರೆ ಇಲ್ಲ. ಉಳಿದ ನೀರನ್ನು ಎರಡು ಮೂರು ಸಲಕ್ಕೆ ಸುರಿದು, ಒಟ್ಟು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿದರೆ ಹದ ಸರಿಯಿದೆ ಎಂದರ್ಥ.

ತಿಳಿ ಹುರಿತದ ಬೀಜಗಳಲ್ಲಿ ಹಣ್ಣಿನ, ಹೂವಿನ ಘಮವನ್ನು ಗುರುತಿಸಬೇಕೆಂಬ ಆಸೆಯುಳ್ಳವರಿಗೆ ನಾನು ಹಿಂಜರಿಕೆಯಿಲ್ಲದೆ ವಿ60 ಅನ್ನೇ ಹೇಳುತ್ತೇನೆ, ಏಕೆಂದರೆ ಎಣ್ಣೆ ಮತ್ತು ಸಣ್ಣ ಕಣಗಳು ಕಾಗದದಲ್ಲೇ ಉಳಿದು ಕಾಫಿ ಚಹಾದಷ್ಟು ತಿಳಿಯಾಗಿ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ಡ್ರಿಪ್ಪರ್ ಅಗ್ಗದ್ದೆಂದು ಕಡೆಗಣಿಸಬೇಡಿ. ಪಿಂಗಾಣಿಯದು ಚೆನ್ನಾಗಿ ಕಾಯಿಸದಿದ್ದರೆ ನೀರಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ತೊಳೆಯುವುದೂ ಸುಲಭ, ಕಾಗದವನ್ನು ಚರಟದೊಂದಿಗೆ ಎತ್ತಿ ಗಿಡದ ಬುಡಕ್ಕೋ ಗೊಬ್ಬರದ ಗುಂಡಿಗೋ ಹಾಕಿದರೆ ಆಯಿತು. ಆದರೆ ತಕ್ಕಡಿ ಬೇಕೇ ಬೇಕು, ಸಣ್ಣ ಮೂತಿಯ ಕೆಟಲ್ ಇದ್ದರೆ ಒಳ್ಳೆಯದು, ಮತ್ತು ಆ ಮೂರು ನಿಮಿಷ ಬೇರೆ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಅವಸರದ ಬೆಳಗಿಗೆ ಏರೋಪ್ರೆಸ್ ಇದೆ. ಹಾರುವ ಬಳೆಯಂಥ ಆಟಿಕೆಯನ್ನು ರೂಪಿಸಿದ್ದ ಅಮೆರಿಕದ ಅಲನ್ ಆಡ್ಲರ್ 2005ರಲ್ಲಿ ಮಾರುಕಟ್ಟೆಗೆ ತಂದ ಈ ಪ್ಲಾಸ್ಟಿಕ್ ಕೊಳವೆಯಲ್ಲಿ ಪುಡಿ ನೀರಿನಲ್ಲಿ ನೆನೆಯುತ್ತದೆ, ಕಾಗದದ ಮೂಲಕ ಸೋಸಿಕೊಳ್ಳುತ್ತದೆ, ಕೈಯ ಒತ್ತಡದಿಂದ ಬೇಗ ಇಳಿಯುತ್ತದೆ. ಪುಡಿಯ ಹದ ತುಸು ಹೆಚ್ಚು ಕಡಿಮೆಯಾದರೂ ಕುಡಿಯಬಹುದಾದ ಕಾಫಿಯನ್ನೇ ಕೊಡುತ್ತದೆ. ಕೊನೆಯಲ್ಲಿ ಮುಚ್ಚಳ ಬಿಚ್ಚಿ ಒತ್ತಿದರೆ ಚರಟ ಬಿಲ್ಲೆಯಾಗಿ ಹೊರಗೆ ಬೀಳುತ್ತದೆ, ಒತ್ತುವ ದಂಡದ ತುದಿಯ ರಬ್ಬರನ್ನು ಒಮ್ಮೆ ನೀರಿಗೆ ಹಿಡಿದರೆ ಸಾಕು. ಒಂದು ಸಲಕ್ಕೆ ಒಬ್ಬರಿಗಷ್ಟೇ ಆಗುತ್ತದೆ ಎಂಬುದು ಮಿತಿ. ಒತ್ತಿದ ಸ್ಥಿತಿಯಲ್ಲೇ ಎತ್ತಿಟ್ಟರೆ ರಬ್ಬರ್ ಬೇಗ ಸಡಿಲವಾಗುತ್ತದೆ, ಬಿಡಿಸಿಯೇ ಇಡಬೇಕು.

ಹಣವನ್ನು ಎಲ್ಲಿ ಹಾಕಬೇಕು ಎಂದು ಕೇಳಿದರೆ, ಮೊದಲು ಗ್ರೈಂಡರಿಗೆ ಎನ್ನುತ್ತೇನೆ. ಬ್ಲೇಡ್ ತಿರುಗುವ ಗ್ರೈಂಡರ್ ಬೀಜವನ್ನು ಕಂಡಂತೆ ಕತ್ತರಿಸಿ ಧೂಳನ್ನೂ ದಪ್ಪ ತುಣುಕುಗಳನ್ನೂ ಒಟ್ಟಿಗೆ ಕೊಡುತ್ತದೆ. ಧೂಳು ಕಹಿ ಬಿಡುವಷ್ಟರಲ್ಲಿ ತುಣುಕುಗಳು ಹುಳಿಯಲ್ಲೇ ಇರುತ್ತವೆ, ಆ ಕಾಫಿಯನ್ನು ಯಾವ ಸಾಧನವೂ ಸರಿಪಡಿಸಲಾರದು. ಎರಡು ಬರ್‌ಗಳ, ಅಂದರೆ ಹಲ್ಲುಳ್ಳ ಚಕ್ರಗಳ, ನಡುವೆ ಅರೆಯುವ, ಕೈಯಿಂದ ತಿರುಗಿಸುವ ಗ್ರೈಂಡರ್ ಆದರೂ ಸಾಕು. ನೀರಿನ ವಿಷಯದಲ್ಲಿ, ಬೈಕಾರ್ಬನೇಟ್ ಹೆಚ್ಚಿರುವ ಗಡಸು ನೀರು ಕಾಫಿಯ ಹುಳಿಯನ್ನು ಅಡಗಿಸಿ ಸಪ್ಪೆ ಮಾಡುತ್ತದೆ, ಖನಿಜವೇ ಇಲ್ಲದ ನೀರಿನಲ್ಲೂ ರುಚಿ ಏಳುವುದಿಲ್ಲ. ಹೊಸದಾಗಿ ಆರಂಭಿಸುವವರು ಒಬ್ಬರಿಗಾದರೆ ಏರೋಪ್ರೆಸ್, ಮನೆಮಂದಿಗೆಲ್ಲ ಆದರೆ ಫ್ರೆಂಚ್ ಪ್ರೆಸ್ ಕೊಳ್ಳಲಿ. ವಿ60 ಅನ್ನು ಒಳ್ಳೆಯ ಗ್ರೈಂಡರ್ ಬಂದ ಮೇಲೆ ತರಿಸಿಕೊಳ್ಳಲಿ. ಮೋಕಾ ಪಾಟನ್ನು ಹಾಲು ಬೆರೆಸಿದ ಗಟ್ಟಿ ಕಾಫಿಯೇ ಬೇಕೆನ್ನುವವರಿಗೆ ಮಾತ್ರ ಶಿಫಾರಸು ಮಾಡುತ್ತೇನೆ.